ಸಹಕಾರಕ್ಕೆ ಪ್ರಥಮ ಬಹುಮಾನ

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ದೇಶದ ತುಂಬ ಸಹಕಾರ ಸಪ್ತಾಹ. ಏಳು ಬಣ್ಣದ ಬಾವುಟ ಏರುತ್ತದೆ, ನೆಹರೂ ಫೋಟೋಕ್ಕೆ ಮಾಲೆ ಬೀಳುತ್ತದೆ, ಹಿರಿಯ ಸಹಕಾರಿಗಳಿಗೆ ಶಾಲು ಹೊದಿಸುತ್ತಾರೆ. ಆಮೇಲೆ ಶಾಲೆ ಮಕ್ಕಳಿಗೆ ಪ್ರಬಂಧ ಸ್ಪರ್ಧೆ. ವಿಷಯ: ಸಹಕಾರದ ಮಹತ್ವ. ಪ್ರಥಮ, ದ್ವಿತೀಯ, ತೃತೀಯ ಬಹುಮಾನ, ಉಳಿದವರಿಗೆ ಬಿಸ್ಕೀಟು. ಹುಡುಗರು ಎಡಗೈಯನ್ನು ಕೋಟೆಗೋಡೆ ಮಾಡಿ ಕಾಗದ ಮುಚ್ಚಿಕೊಂಡು, ಒಬ್ಬರಿಗೊಬ್ಬರು ನೆರವಾದರೆ ನಾಡು ಉದ್ಧಾರವಾಗುತ್ತದೆ ಎಂದು ದುಂಡಗೆ ಬರೆಯುತ್ತಾರೆ. ಪಕ್ಕದವನ ಪೆನ್ನಿನ ಮಸಿ ತೀರಿ ಆತ ಇನ್ನೊಂದು ಪೆನ್ನು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಕೊಡದವನಿಗೇ ಪ್ರಥಮ ಬಹುಮಾನ ಬರುವ ಸಂಭವ ಹೆಚ್ಚು. ಕೊಟ್ಟವನು ಪೆನ್ನಿಲ್ಲದೆ ಕೂತಿರುತ್ತಾನಲ್ಲ!

ವಿಶ್ವಸಂಸ್ಥೆ 2025ನ್ನು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತ್ತು. ನ್ಯೂಯಾರ್ಕಿನಲ್ಲಿ ಕೂತು ಸಾರಿದವರಿಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಎಲ್ಲಿವೆ ಎಂದು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಸಾರುವ ಮುಂಚೆ ನಮ್ಮನ್ನು ಒಂದು ಮಾತು ಕೇಳುತ್ತಿದ್ದರು. ನಾವು ಆ ವರ್ಷವನ್ನು ಎಷ್ಟು ಹುರುಪಿನಿಂದ ಆಚರಿಸಿದೆವೆಂದರೆ, ಸಹಕಾರ ನಡೆದ ಕಡೆಯೆಲ್ಲ ಪೊಲೀಸ್ ಬಂದೋಬಸ್ತ್ ಹಾಕಬೇಕಾಯಿತು.

ಇದು ಅರ್ಥವಾಗಬೇಕಾದರೆ ಮೊದಲು ಧಬಧಬೆಯ ದಂಡೆಗೆ ಬರಬೇಕು. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮಳೆಗಾಲದಲ್ಲಿ ನೋಡಲು ಬಂದವರ ನಡುವೆ, ಬಂಡೆಯ ಅಂಚಿಗೆ ಯಾರು ಹೆಚ್ಚು ಹತ್ತಿರ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂಬ ಪೈಪೋಟಿ. ಸೀಟಿ ಊದುತ್ತ ಓಡಾಡುವ ಪೊಲೀಸಪ್ಪನೊಬ್ಬನೇ ಅಲ್ಲಿ ಸಹಕಾರ ಬೇಡುವವನು. 1885ರಲ್ಲಿ ಇದೇ ದಂಡೆಗೆ ಬಿಳಿಯರ ಕಂಪನಿ ಬಂತು. ಹೆಸರಿನಲ್ಲೇ ಮೊದಲು ನೀರಿನ ಬಲ, ಆಮೇಲೆ ತಯಾರಿಕೆ: ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ. 1887ರ ಹೊತ್ತಿಗೆ ಬೀಳುವ ನೀರು ನೂಲಿನ ಗಿರಣಿ ತಿರುಗಿಸತೊಡಗಿತ್ತು. ದೇಶದಲ್ಲಿ ಕರೆಂಟು ಹುಟ್ಟಿದ್ದೇ ನಮ್ಮಲ್ಲಿ ಎಂದು ಊರವರು ಎದೆಯುಬ್ಬಿಸಿ ಹೇಳುತ್ತಾರೆ. ಅಷ್ಟರಲ್ಲಿ ಡಾರ್ಜಿಲಿಂಗಿನವರು 1897ರ ತಮ್ಮ ಕೇಂದ್ರವನ್ನು ಎತ್ತಿಕೊಂಡು, ಶಿವನಸಮುದ್ರದವರು 1902ರ ತಮ್ಮದನ್ನು ಎತ್ತಿಕೊಂಡು ಜಗಳಕ್ಕೆ ಬರುತ್ತಾರೆ. ಯಾರು ಮೊದಲು ಎಂಬುದು ತೀರ್ಮಾನವಾಗುವ ತನಕ ಯಾರಿಗೂ ದೀಪ ಹಚ್ಚುವ ಆತುರವಿಲ್ಲ.

ಆಗಲೂ ಇರಲಿಲ್ಲ. ನದಿ ಎಲ್ಲರದು, ಬಂಡೆ ಎಲ್ಲರದು, ಅದರ ಬಲ ಮಾತ್ರ ಕಂಪನಿಯದು. ಗಿರಣಿಯಲ್ಲಿ ಕದಿರು ತಿರುಗುತ್ತಿದ್ದರೆ ಸುತ್ತಲಿನ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿ. ಅಷ್ಟು ದೊಡ್ಡ ನೀರು ಕಣ್ಣೆದುರಿಗೆ ಬಿದ್ದರೂ ಹಳ್ಳಿಯವನಿಗೆ ಸಿಕ್ಕದ್ದು ಸಪ್ಪಳ ಒಂದೇ. ಅವನ ಮನೆಗೆ ಬೆಳಕು ಹೊತ್ತು ತರಲು ಕಂಪನಿಗೆ ಏನು ಲಾಭ? ಸ್ಪರ್ಧೆ ಇದ್ದಲ್ಲಿ ಸೇವೆ ತಾನಾಗಿ ಓಡಿ ಬರುತ್ತದೆ ಎನ್ನುವ ಪಂಡಿತರು ಈ ಎಂಬತ್ತು ವರ್ಷದ ಕತ್ತಲೆಗೆ ಏನು ಕಾರಣ ಕೊಡುತ್ತಾರೋ ಕೇಳಬೇಕು. ಬಡವನ ಮನೆಗೆ ತಂತಿ ಎಳೆಯುವ ಪಂದ್ಯಕ್ಕೆ ಯಾರೂ ಹೆಸರೇ ಕೊಟ್ಟಿರಲಿಲ್ಲ.

ಕೊನೆಗೆ ಬೆಳಕು ತಂದದ್ದು ಸಹಕಾರವೇ. 1969ರಲ್ಲಿ ದೆಹಲಿಯಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದಾಗ, ಹಳ್ಳಿಯವರೇ ಸೇರಿ ಕರೆಂಟು ಹಂಚಿಕೊಳ್ಳಬಲ್ಲರೇ ನೋಡೋಣವೆಂದು ದೇಶದಲ್ಲಿ ಐದು ಕಡೆ ಪ್ರಯೋಗಕ್ಕೆ ಇಳಿಯಿತು: ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ–ಪ್ರವರಾ, ಆಗಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ ಮತ್ತು ನಮ್ಮ ಹುಕ್ಕೇರಿ. ಮುಳಾ–ಪ್ರವರಾದ ಆಟ 2011ಕ್ಕೆ ಮುಗಿಯಿತು. ಹುಕ್ಕೇರಿಯದು ಇನ್ನೂ ಉಸಿರಾಡುತ್ತಿದೆ. ರಾಜ್ಯದ ಬೇರೆ ತಾಲ್ಲೂಕಿನವರು ಕರೆಂಟು ಹೋದರೆ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಬೈದರೆ, ಹುಕ್ಕೇರಿ ತಾಲ್ಲೂಕಿನವರು ತಮ್ಮದೇ ಸಂಘವನ್ನು, ಅಂದರೆ ಕಾಗದದ ಮೇಲೆ ತಮ್ಮನ್ನೇ ತಾವು ಬೈದುಕೊಳ್ಳಬೇಕು. ಇಂಥ ಭಾಗ್ಯ ಕರ್ನಾಟಕದಲ್ಲಿ ಇನ್ನಾವ ತಾಲ್ಲೂಕಿಗೂ ಇಲ್ಲ.

ಈ ಸಹಕಾರ ಚಳವಳಿಯೇ ಒಂದು ಗಿರಣಿ ಊರಿನ ಸೃಷ್ಟಿ ಎಂಬುದನ್ನು ಇಲ್ಲಿ ನೆನೆಯಬೇಕು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ 28 ಜನ, ಕಲಬೆರಕೆಯ ಹಿಟ್ಟು ತಿಂದು ಸಾಕಾಗಿ ತಾವೇ ಅಂಗಡಿ ತೆರೆದರು. ಎಷ್ಟೇ ಬಂಡವಾಳ ಹಾಕಿರಲಿ, ತಲೆಗೊಂದೇ ಮತ ಎಂಬ ಕಟ್ಟಳೆ ಮಾಡಿದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಂಘ ಕಟ್ಟಿದ್ದೂ ಸಾವುಕಾರನ ಬಡ್ಡಿಯಿಂದ ಪಾರಾಗಲಿಕ್ಕೆ. ಪಾಪ, ಇವರೆಲ್ಲ ಒಂದು ವಿಷಯ ಮರೆತರು. ತಲೆಗೊಂದೇ ಮತ ಎಂದಮೇಲೆ ತಲೆ ಎಣಿಸುವವನು ಬಂದೇ ಬರುತ್ತಾನೆ. ಎಣಿಸಿದವನು ಲೆಕ್ಕ ತಪ್ಪಬಾರದೆಂದು ತಲೆಗಳನ್ನು ಬಸ್ಸಿಗೆ ಹತ್ತಿಸಿ, ಚುನಾವಣೆಯ ತನಕ ತಂಪಾದ ಊರಿನಲ್ಲಿ ಇಟ್ಟಿರುತ್ತಾನೆ. ಈಗ ಪಿಕೆಪಿಎಸ್‌ನಿಂದ, ಅಂದರೆ ಊರಿನ ಕೃಷಿ ಪತ್ತಿನ ಸಂಘದಿಂದ, ಡೆಲಿಗೇಟ್ ಆಗಿ ಠರಾವು ಸಿಕ್ಕಿತೆಂದರೆ ಮನೆಯಲ್ಲಿ ಹೆಂಡತಿ ಕೇಳುವ ಮೊದಲ ಪ್ರಶ್ನೆ, "ಈ ಸಲ ಎಲ್ಲಿಗೆ ಒಯ್ತಾರಂತ್ರೀ, ಸ್ವೆಟರ್ ಹಾಕ್ಲೋ ಬ್ಯಾಡೋ?"

ಬರೋಣ ಹುಕ್ಕೇರಿಗೆ. ಸಹಕಾರ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ವಿದ್ಯುತ್ ಸಂಘದ 15 ಸ್ಥಾನಗಳಿಗೆ ಚುನಾವಣೆ ನಡೆಯಿತು. ವಿಧಾನಸಭೆ ಚುನಾವಣೆಯೇ ನಾಚಿ ಮುಖ ಮುಚ್ಚಿಕೊಳ್ಳಬೇಕು, ಹಾಗೆ ನಡೆಯಿತು. ಒಂದು ಪೆನಲ್‌ನ ಹಿಂದೆ ಬಿಜೆಪಿಯ ಮಾಜಿ ಸಂಸದ ರಮೇಶ ಕತ್ತಿ ಮತ್ತು ಕಾಂಗ್ರೆಸ್ಸಿನ ಮಾಜಿ ಸಚಿವ ಎ.ಬಿ. ಪಾಟೀಲ. ಇನ್ನೊಂದರ ಹಿಂದೆ ಕಾಂಗ್ರೆಸ್ಸಿನ ಸಚಿವ ಸತೀಶ ಜಾರಕಿಹೊಳಿ, ಅವರ ಜೊತೆ ಬಿಜೆಪಿ ಶಾಸಕರಾದ ತಮ್ಮ ಬಾಲಚಂದ್ರ. ಎರಡೂ ಕಡೆ ಕಮಲ, ಎರಡೂ ಕಡೆ ಕೈ. ಪಕ್ಷಾತೀತ ರಾಜಕಾರಣ ಬೇಕು ಎಂದು ಐವತ್ತು ವರ್ಷದಿಂದ ಗೋಗರೆಯುತ್ತಿದ್ದ ಚಿಂತಕರ ಕನಸು ಹೀಗೆ ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ನನಸಾಯಿತು. ಚಾದಂಗಡಿಯ ಕಟ್ಟೆಯ ಮೇಲೆ ಒಬ್ಬ ಹುಡುಗ ತಿಳಿಯದೆ ಕೇಳಿದ:

"ಕಾಕಾ, ಇದು ಯಾವ ಪಕ್ಷದ ಪೆನಲ್ ರೀ?"

"ಪಕ್ಷ ಎಲ್ಲೈತೋ ತಮ್ಮಾ. ಸಹಕಾರದಾಗ ಪಕ್ಷ ತರಬಾರ್ದು."

"ಮತ್ತ ಇಷ್ಟೆಲ್ಲಾ ಬಡದಾಟ ಯಾಕ್ರೀ?"

"ಸಹಕಾರ ಯಾರು ಮಾಡಬೇಕು ಅನ್ನೂದಕ್ಕ!"

ಕೊನೆಗೆ ಕತ್ತಿ–ಪಾಟೀಲರ ಪೆನಲ್ ಹದಿನೈದಕ್ಕೆ ಹದಿನೈದೂ ಬಾಚಿಕೊಂಡಿತು. ಗೆದ್ದವರು ಗುಲಾಲು ಎರಚಿದರು. ಸೋತವರು ಮುಂದಿನ ಸಹಕಾರಕ್ಕೆ, ಅಂದರೆ ಅಕ್ಟೋಬರಿನ ಡಿಸಿಸಿ ಬ್ಯಾಂಕ್ ಚುನಾವಣೆಗೆ, ತೋಳೇರಿಸಿದರು. ಡಿಸಿಸಿ ಬ್ಯಾಂಕಿನ ಪ್ರಚಾರದಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಈ ಪತ್ರಿಕೆ ಮನೆಮಂದಿ ಓದುವಂಥದ್ದು.

ಇಷ್ಟು ಹೇಳಿದ ಮೇಲೆ, ಸಹಕಾರದಲ್ಲಿ ಹೀಗಾದರೆ ಸ್ಪರ್ಧೆಯಲ್ಲಿ ಇನ್ನು ಹೆಣವೇ ಬೀಳಬಹುದು ಎಂದು ಹೊರಗಿನವರು ಹೆದರುವುದು ಸಹಜ. ಹೆದರಬೇಕಾದ್ದಿಲ್ಲ. ಸ್ಪರ್ಧೆ ಎಂದರೆ ಹೇಗಿರಬೇಕು, ಎಷ್ಟು ಮಧುರವಾಗಿರಬೇಕು ಎಂಬುದನ್ನು ಕಲಿಯಲು ಗೋಕಾಕಕ್ಕೇ ಬರಬೇಕು. 2019ರ ಡಿಸೆಂಬರ್‌ನಲ್ಲಿ ಗೋಕಾಕಕ್ಕೆ ಉಪಚುನಾವಣೆ ಬಂತು. ಬಿಜೆಪಿಯಿಂದ ಸತೀಶರ ಅಣ್ಣ ರಮೇಶ ಜಾರಕಿಹೊಳಿ, ಕಾಂಗ್ರೆಸ್ಸಿನಿಂದ ತಮ್ಮ ಲಖನ್. ಅಣ್ಣನ ಪರ ಒಬ್ಬ ಸಹೋದರ, ತಮ್ಮನ ಪರ ಇನ್ನೊಬ್ಬ ಸಹೋದರ. ಅಣ್ಣ ಗೆದ್ದರು. ತಮ್ಮ ಎರಡು ವರ್ಷದ ಬಳಿಕ, 2021ರಲ್ಲಿ, ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಹೋದರು. ಅದಕ್ಕೂ ಮುಂಚೆ 2016ರಲ್ಲಿ ಸಿದ್ದರಾಮಯ್ಯನವರ ಸಂಪುಟದಿಂದ ಸತೀಶರನ್ನು ಬಿಟ್ಟಾಗ ಆ ಕುರ್ಚಿಗೆ ಬಂದವರು ರಮೇಶ. 2018ರ ಡಿಸೆಂಬರ್‌ನಲ್ಲಿ ಕುಮಾರಸ್ವಾಮಿಯವರ ಸಂಪುಟದಿಂದ ರಮೇಶರನ್ನು ಬಿಟ್ಟಾಗ ಬಂದವರು ಸತೀಶ. ಅವಿಭಕ್ತ ಕುಟುಂಬ, ವಿಭಕ್ತ ಪಕ್ಷ. ಇದರಲ್ಲಿ ತಪ್ಪು ಹುಡುಕಬೇಡಿ. ಒಬ್ಬೊಬ್ಬರೂ ಮತದಾರನ ಮುಂದೆ ನಿಂತು, ಮತ ಕೇಳಿ, ಗೆದ್ದು ಬಂದವರು. ಪ್ರಜಾಪ್ರಭುತ್ವ ಕೊಡುವ ಆಯ್ಕೆಯನ್ನು ಇಷ್ಟು ಅಚ್ಚುಕಟ್ಟಾಗಿ, ಊರ ಹೊರಗಿನವರಿಗೆ ತೊಂದರೆ ಕೊಡದೆ, ಒಂದೇ ಅಂಗಳದಲ್ಲಿ ಒದಗಿಸಿದ ಇನ್ನೊಂದು ಪಟ್ಟಣವಿದ್ದರೆ ತೋರಿಸಿ. ಸರ್ಕಾರ ಯಾವುದೇ ಬರಲಿ, ಗೋಕಾಕಕ್ಕೆ ಅದು ನಮ್ಮದೇ ಸರ್ಕಾರ. ಬೆಂಗಳೂರಿನಲ್ಲಿ ಇದನ್ನು ಬಣ ರಾಜಕೀಯ ಎನ್ನುತ್ತಾರೆ. ಅಲ್ಲಿಯವರಿಗೆ ಒಟ್ಟು ಕುಟುಂಬ ಮರೆತುಹೋಗಿದೆ.

ಮೇಲಿನವರ ಸ್ಪರ್ಧೆ ಹೀಗೆ ತಂಪಾಗಿರುವುದರಿಂದಲೇ ಇರಬೇಕು, ಬಿಸಿಯ ಸ್ಪರ್ಧೆಯನ್ನೆಲ್ಲ ಹತ್ತು ವರ್ಷದ ಮಕ್ಕಳಿಗೆ ವಹಿಸಿಕೊಟ್ಟಿದ್ದೇವೆ.

ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಬಸ್ ನಿಲ್ದಾಣದಲ್ಲಾದರೂ ಇಳಿದು ತಲೆ ಎತ್ತಿ. ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿನ ಪಕ್ಕದಲ್ಲೇ ಅಷ್ಟೇ ದೊಡ್ಡ ಇನ್ನೊಂದು ಫ್ಲೆಕ್ಸು: ನವೋದಯ, ಸೈನಿಕ, ಮಿಲಿಟರಿ, ಮೊರಾರ್ಜಿ ಕೋಚಿಂಗ್. ಅದರ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು, ಎಣ್ಣೆ ಹಚ್ಚಿ ಬಾಚಿದ ತಲೆ, ನಗು ಮರೆತ ತುಟಿ, ಕೆಳಗೆ ಅಂಕ. ನಾಲ್ಕನೆಯ ಇಯತ್ತೆ ಮುಗಿಯುವ ಮುನ್ನವೇ ಮಗುವನ್ನು ವಸತಿ ಕೋಚಿಂಗಿಗೆ ಹಾಕುತ್ತಾರೆ. ಕೊಥಳಿಯ ನವೋದಯದಲ್ಲಿ ಆರನೆಯ ತರಗತಿಗೆ ಸಿಗುವುದು ಹೆಚ್ಚೆಂದರೆ 80 ಸೀಟು. ಪರೀಕ್ಷೆಯಲ್ಲಿ ಪ್ರಶ್ನೆಗಳೂ 80, ಸಮಯ ಎರಡು ತಾಸು. ಜಿಲ್ಲೆಯ ಅಷ್ಟೂ ಹಳ್ಳಿಯ ಮಕ್ಕಳು ಆ ಎಂಬತ್ತರ ಹಿಂದೆ. ಸರ್ಕಾರ ನವೋದಯ ಕಟ್ಟಿದ್ದು ಹಳ್ಳಿಯ ಜಾಣ ಮಗುವಿಗೆ ದುಡ್ಡಿಲ್ಲದೆ ಓದು ಸಿಗಲಿ ಎಂದು. ನಾವು ಜಾಣತನ ತೋರಿಸಿ, ಆ ದುಡ್ಡಿಲ್ಲದ ಓದಿಗೆ ಮಗು ಆಯ್ಕೆಯಾಗಲಿ ಎಂದು ಕಬ್ಬಿನ ಬಿಲ್ಲಿನ ದುಡ್ಡು ಸುರಿಯುವ ದಾರಿ ಕಂಡುಹಿಡಿದೆವು.

ಸೋದರಮಾವ ಊರಿಂದ ಬಂದರೆ ಮೊದಲು ಮಗುವಿನ ಗಲ್ಲ ಹಿಂಡುವ ಪದ್ಧತಿ ಇತ್ತು. ಈಗ ಅಂಕ ಹಿಂಡುತ್ತಾನೆ. "ಏನೋ ಅಳಿಯಾ, ಎಷ್ಟಕ್ಕ ಎಷ್ಟು?" ಮಗು ತೊಂಬತ್ತಾರು ಎನ್ನುತ್ತದೆ. "ಆ ನಾಲ್ಕು ಎಲ್ಲಿ ಹೋದವೋ?" ಎಂಬ ಪ್ರಶ್ನೆ ಕೇಳದ ಮಾವ ಇಡೀ ತಾಲ್ಲೂಕಿನಲ್ಲಿ ಸಿಕ್ಕರೆ ಅವನಿಗೊಂದು ಸನ್ಮಾನ ಮಾಡಬೇಕು.

ಸೀಟು ಸಿಗದ ಮಗು ಊರ ಶಾಲೆಗೇ ವಾಪಸ್ ಬಂದು, ಐದು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಎಸ್ಸೆಸ್ಸೆಲ್ಸಿ ಮುಟ್ಟುತ್ತದೆ. ಈ ನಡುವೆ ಅದಕ್ಕೆ ಕಲಿತವನು ಕಲಿಯದವನಿಗೆ ಹೇಳಿಕೊಡುವ ಅವಕಾಶ ಒಂದೇ ಒಂದು ದಿನ ಅಧಿಕೃತವಾಗಿ ಸಿಕ್ಕಿರುವುದಿಲ್ಲ. ವರ್ಷವಿಡೀ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಗುಂಪು ಚಟುವಟಿಕೆ ಎಂಬುದು ಪಠ್ಯದಲ್ಲಿ ಇರುತ್ತದೆ. ಅದನ್ನು ಮನೆಯಲ್ಲಿ ಅಪ್ಪ ಒಬ್ಬನೇ ಥರ್ಮಾಕೋಲ್ ಕೊಯ್ದು ಮಾಡಿ ಕಳಿಸುತ್ತಾನೆ. ಕೊನೆಗೆ ಪರೀಕ್ಷೆಯ ಕೋಣೆಯಲ್ಲಿ, ಯಾರೂ ಹೇಳಿಕೊಡದಿದ್ದರೂ, ಮಕ್ಕಳೊಳಗಿನ ಸಹಕಾರ ತತ್ತ್ವ ಜಾಗೃತವಾಗುತ್ತದೆ. ಮುಂದಿನವ ಒಂದಿಷ್ಟು ಓರೆಯಾಗಿ ಕೂರುತ್ತಾನೆ. ಹಿಂದಿನವ ಒಂದಿಷ್ಟು ಉದ್ದ ಕುತ್ತಿಗೆ ಬೆಳೆಸುತ್ತಾನೆ. ಮಾಳಿಗೆ ಹತ್ತಿ ಕಿಟಕಿಯಿಂದ ಚೀಟಿ ಎಸೆಯುವ ಅಣ್ಣಂದಿರಂತೂ ಒಂದು ಪೈಸೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ನೆನಪಿಡಿ, ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ಪುಕ್ಕಟೆ ಸಿಗುವ ಏಕೈಕ ಕೋಚಿಂಗ್ ಅದು.

2024ರಲ್ಲಿ ಸರ್ಕಾರ ಅದಕ್ಕೂ ಕಲ್ಲು ಹಾಕಿತು. ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಒಂದು ಕ್ಯಾಮೆರಾ ಇಷ್ಟು ಜನರ ಸಹಕಾರ ಮನೋಭಾವವನ್ನು ಸುಟ್ಟದ್ದು ಕಂಡು ಸಮಾಜಶಾಸ್ತ್ರಜ್ಞರು ಮರುಗಬೇಕಿತ್ತು. ಅದರ ಬದಲು ಎಲ್ಲರೂ ಜಿಲ್ಲಾವಾರು ರ‍್ಯಾಂಕ್ ಪಟ್ಟಿ ಬಿಡಿಸಿಕೊಂಡು ಕೂತರು. ಉಡುಪಿ ಮೊದಲೋ, ದಕ್ಷಿಣ ಕನ್ನಡ ಮೊದಲೋ. ಯಾದಗಿರಿ ಕೊನೆಯೋ, ಕಲಬುರಗಿ ಕೊನೆಯೋ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಬರುವುದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ. ಚಿಕ್ಕೋಡಿ ಬೆಳಗಾವಿಗಿಂತ ಮೇಲಿದ್ದರೆ ಈ ಕಡೆಯ ಅಧಿಕಾರಿಗಳಿಗೆ ನಿದ್ದೆ ಬರುತ್ತದೆ. ಮೇಲಿನ ಜಿಲ್ಲೆಯ ಮಾಸ್ತರರೊಬ್ಬರು ಕೆಳಗಿನ ಜಿಲ್ಲೆಗೆ ಹೋಗಿ ಗಣಿತ ಕಲಿಸಿ ಬರಲಿ ಎಂಬ ಆದೇಶ ಮಾತ್ರ ಯಾರ ಮೇಜಿನಿಂದಲೂ ಹೊರಟಂತಿಲ್ಲ. ಹೊರಟರೆ ಅದನ್ನೂ ನಕಲು ಎಂದು ಡಿಬಾರ್ ಮಾಡುತ್ತಾರೇನೋ.

ನ್ಯಾಯದ ಮನೆಯ ಕಡೆ ಸ್ವಲ್ಪ ಹೋಗಿಬರೋಣ. ಅಲ್ಲಿ ಹೆಚ್ಚು ಹೊತ್ತು ನಿಂತರೆ ವಾಯಿದೆ ಬೀಳುತ್ತದೆ. ನಮ್ಮ ನ್ಯಾಯಪದ್ಧತಿಯ ಲೆಕ್ಕ ಏನೆಂದರೆ, ಇಬ್ಬರು ವಕೀಲರು ಪೈಪೋಟಿಯಿಂದ ಅರ್ಧರ್ಧ ಸತ್ಯ ಹೇಳಿದರೆ ಕೂಡಿ ಒಂದು ಪೂರ್ಣ ಸತ್ಯವಾಗುತ್ತದೆ ಎಂಬುದು. ಅಣ್ಣತಮ್ಮಂದಿರು ಹೊಲದ ಬದುವಿನ ಮೇಲಿನ ಒಂದು ಬೇವಿನ ಮರಕ್ಕೆ ಹತ್ತು ವರ್ಷ ಕೋರ್ಟು ಅಲೆಯುತ್ತಾರೆ. ಮಧ್ಯಾಹ್ನ ಅವರ ಇಬ್ಬರು ವಕೀಲರು ಒಂದೇ ಟೇಬಲ್ಲಿನಲ್ಲಿ ಒಂದು ಚಾವನ್ನು ಎರಡು ಮಾಡಿಸಿ ಕುಡಿಯುತ್ತಾರೆ. ಕಕ್ಷಿದಾರರು ಎದುರಿನ ಎರಡು ಬೇರೆ ಬೇರೆ ಅಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಪೂರ್ತಿ ಚಾ ಕುಡಿದು, ಆ ಟೇಬಲ್ಲಿನ ಬಿಲ್ಲನ್ನೂ ಕೊಡುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕ ವಾಪಸ್, ಮೇಲ್ಮನವಿಯ ಗೊಡವೆ ಇಲ್ಲ. ಆದರೂ ಜನ ಹಿಂಜರಿಯುತ್ತಾರೆ. ಯಾಕೆಂದರೆ ಇಬ್ಬರೂ ಗೆದ್ದರು ಎಂದರೆ ಊರು ನಂಬುವುದಿಲ್ಲ, "ಯಾವನೋ ಒಬ್ಬ ಸೋತಾನ, ಹೇಳವಲ್ಲ" ಎನ್ನುತ್ತದೆ.

ಮರಕ್ಕೇ ಹೀಗಾದರೆ ನದಿಗೆ ಹೇಗಿರಬೇಡ! ಘಟಪ್ರಭೆ ಕೃಷ್ಣೆಯ ಮಗಳು. ಕೃಷ್ಣೆಯ ನೀರು ಹಂಚಲು 2004ರಲ್ಲಿ ಎರಡನೆಯ ನ್ಯಾಯಮಂಡಳಿ ಕೂತಿತು, 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ಅದಕ್ಕೊಂದು ಸ್ಪಷ್ಟನೆ ಕೊಟ್ಟಿತು. ಗೆಜೆಟ್ಟಿನ ಪುಟಕ್ಕೆ ಮಾತ್ರ ಆ ನೀರು ಇನ್ನೂ ಹರಿದಿಲ್ಲ. ಒಂದೊಂದು ಟಿಎಂಸಿಗೆ ರಾಜ್ಯಗಳು ಹರಿದಾಡುತ್ತಿರುವಾಗ, 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಯಾವ ಮಂಡಳಿಯನ್ನೂ ಕೇಳದೆ ಗೋಕಾಕದ ಓಣಿಗಳಿಗೇ ಬಂದಳು. 2024ರ ಜುಲೈನಲ್ಲಿ ಲೋಳಸೂರ ಸೇತುವೆಯ ಮೇಲೆ ಹಾಯ್ದು ಮತ್ತೊಮ್ಮೆ ಬಂದಳು. ಮಹಾರಾಷ್ಟ್ರ ಈ ನೀರಿನಲ್ಲಿ ಪಾಲು ಕೇಳಲಿಲ್ಲ, ಆಂಧ್ರ ಕೇಳಲಿಲ್ಲ, ತೆಲಂಗಾಣ ಕೇಳಲಿಲ್ಲ. ಅಂತರರಾಜ್ಯ ಸಹಕಾರ ಎಂದರೆ ಅದು.

ಆದರೆ ಆ ನೀರಿನಲ್ಲಿ ಇನ್ನೊಂದೂ ಕಂಡಿತು, ಅದನ್ನು ನಗೆಯಾಡುವ ಮನಸ್ಸಿಲ್ಲ. ವರ್ಷವೆಲ್ಲ ಮೋರಿಯ ಜಾಗಕ್ಕೆ ಜಗಳಾಡಿದವರು ಒಬ್ಬರ ಮುದುಕಿಯನ್ನು ಇನ್ನೊಬ್ಬರು ಹೊತ್ತು ತಂದರು. ನೀರಿಲ್ಲದ ಊರುಗಳಿಂದ ರೊಟ್ಟಿಯ ಗಂಟು ಬಂದವು, ಯಾರ ಮನೆಯ ರೊಟ್ಟಿ ಎಂದು ಯಾರೂ ಜಾತಿ ಕೇಳಲಿಲ್ಲ. ರಷ್ಯಾದ ಕ್ರೊಪೊಟ್ಕಿನ್ ಎಂಬಾತ ಸೈಬೀರಿಯದ ಚಳಿಯಲ್ಲಿ ಅಲೆದು, ಕಷ್ಟಕಾಲದಲ್ಲಿ ಪ್ರಾಣಿಗಳು ಕಚ್ಚಾಡುವುದಕ್ಕಿಂತ ಕೂಡಿ ಬದುಕುವುದನ್ನೇ ಹೆಚ್ಚು ಕಂಡೆ ಎಂದು 1902ರಲ್ಲಿ ಪುಸ್ತಕ ಬರೆದ. ಅವನು ಗೋಕಾಕಕ್ಕೆ ಬಂದಿದ್ದರೆ ಅಷ್ಟು ದೂರ ಚಳಿಗೆ ಹೋಗಬೇಕಿರಲಿಲ್ಲ. ಆದರೆ ಅವನು ನೀರು ಇಳಿಯುವ ಮುನ್ನವೇ ಊರು ಬಿಡಬೇಕಿತ್ತು. ಯಾಕೆಂದರೆ ನೀರು ಇಳಿದ ಮೇಲೆ ಪರಿಹಾರ ಏರಿತು. ಮನೆಗಳಿಗೆ ಎ, ಬಿ, ಸಿ ಎಂದು ದರ್ಜೆ ಹಾಕಿದರು. ಎ ಆದರೆ 5 ಲಕ್ಷ, ಸಿ ಆದರೆ 50 ಸಾವಿರ. ಕೂಡಿ ಹೊತ್ತವರು, ಕೂಡಿ ಉಂಡವರು, ಯಾರ ಗೋಡೆ ಹೆಚ್ಚು ಬಿತ್ತು ಎಂಬ ಪಂದ್ಯಕ್ಕೆ ಇಳಿದರು. "ಅವನ ಗೋಡೆ ನೀರಿಗಿಂತ ಮೊದಲ ಬಿದ್ದಿತ್ರೀ ಸಾಹೇಬ್ರ" ಎಂದು ತಲಾಠಿಯ ಕಿವಿಯಲ್ಲಿ ಉಸುರಿದವರು ಶತ್ರುಗಳಲ್ಲ. ಕಾಳಜಿ ಕೇಂದ್ರದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಬಡವನನ್ನು ಸ್ಪರ್ಧೆಗೆ ಹಚ್ಚಲು ಭಾರೀ ಸಿದ್ಧಾಂತ ಬೇಡ, ಒಂದು ಫಾರ್ಮು ಸಾಕು.

ಶ್ರೀಮಂತರಿಗೆ ಆ ಫಾರ್ಮು ಇಲ್ಲ. ಸಕ್ಕರೆಯ ಕಡೆ ನೋಡಿ. ಘಟಪ್ರಭಾ, ಹಿರಣ್ಯಕೇಶಿ ಎಂದು ನದಿಗಳ ಹೆಸರಿಟ್ಟು ರೈತರು ಷೇರು ಹಾಕಿ ಕಟ್ಟಿದ ಸಹಕಾರಿ ಕಾರ್ಖಾನೆಗಳ ಸುತ್ತ ಈಗ ಖಾಸಗಿ ಚಿಮಣಿಗಳದೇ ಕಾಡು. ಒಂದು ಸಕ್ಕರೆ ಕಾರ್ಖಾನೆ ಇದ್ದರೆ ಅದರ 15 ಕಿಲೊಮೀಟರ್ ಒಳಗೆ ಇನ್ನೊಂದು ಏಳಬಾರದು ಎಂದು ಕೇಂದ್ರದ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಸ್ಪರ್ಧೆಯೇ ದೇಶದ ಉಸಿರು ಎಂದು ಭಾಷಣ ಬಿಗಿಯುವ ಸರ್ಕಾರ, ಕಾರ್ಖಾನೆಗಳಿಗೆ ಒಬ್ಬರ ಉಸಿರು ಒಬ್ಬರಿಗೆ ತಾಗದಷ್ಟು ಅಂತರ ಅಳೆದು ಕೊಟ್ಟಿದೆ. ಈ ಅಂತರ ತೆಗೆಯಿರಿ ಎಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತು. ಸಮಿತಿಗಳ ಮಾತಿಗೆ ನಾವು ಕೊಡುವ ಗೌರವವನ್ನು ಅದಕ್ಕೂ ಕೊಟ್ಟೆವು. ರೈತನಿಗೆ ಮಾತ್ರ ಅಂತರವಿಲ್ಲ. ಕಟಾವಿಗೆ ಗ್ಯಾಂಗು ಮೊದಲು ಯಾರ ಹೊಲಕ್ಕೆ, ಟ್ರ್ಯಾಕ್ಟರ್ ಯಾರ ಬದುವಿಗೆ, ಸ್ಲಿಪ್ಪು ಯಾರ ಕೈಗೆ ಎಂದು ಬದುವಿಗೆ ಬದು ತಾಗಿದವನ ಜೊತೆಯೇ ಓಟ. ಕಾರ್ಖಾನೆಯವರು ಬೇರೆ ಬೇರೆ ಪಕ್ಷದವರಿರಬಹುದು. ಟನ್ನಿಗೆ ಎಷ್ಟು ಎಂಬ ಪ್ರಶ್ನೆ ಬಂದಾಗ ಅವರ ಬಾಯಿಂದ ಹೊರಡುವ ರಾಗ ಒಂದೇ ಪೆಟ್ಟಿಗೆಯದು.

ಸಹಕಾರ ವರ್ಷದ ಅಕ್ಟೋಬರ್ ಕೊನೆಗೆ ಈ ರಾಗ ಕೆಟ್ಟಿತು. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯ ಮೇಲೆ ಕೂತರು. ಟನ್ನಿಗೆ 3,500 ರೂಪಾಯಿ ಎಂದರು. ಯಾರ ಸಪ್ತಾಹದ ಬಾವುಟವೂ ಇರಲಿಲ್ಲ, ಹಸಿರು ಟವೆಲ್ಲು ಇತ್ತು. ಒಲೆ ಹೂಡಿದರು, ಹಳ್ಳಿ ಹಳ್ಳಿಯಿಂದ ರೊಟ್ಟಿ–ಪಲ್ಯ ಬಂತು, ರಾತ್ರಿ ಅಲ್ಲೇ ಮಲಗಿದರು. ವಿಧಾನಸಭೆಗೆ ಬೇರೆ ಬೇರೆ ಗುಂಡಿ ಒತ್ತಿದವರು, ಸೊಸಾಯಿಟಿ ಚುನಾವಣೆಯಲ್ಲಿ ಮುಖ ತಿರುವಿಕೊಂಡವರು ಒಂದೇ ತಾಡಪತ್ರಿಯ ಕೆಳಗೆ. ಒಬ್ಬ ನಿರ್ದೇಶಕನಿಲ್ಲ, ಒಬ್ಬ ಅಧ್ಯಕ್ಷನ ಕಾರಿಲ್ಲ, ಸಭಾಭತ್ಯೆಯಿಲ್ಲ. ನಿಬಂಧಕರ ಕಚೇರಿಯ ಯಾವ ವಹಿಯಲ್ಲೂ ನೋಂದಣಿಯಾಗದ ಈ ಸಂಘವನ್ನು ನೋಡಿ ಸಹಕಾರ ಇಲಾಖೆಗೆ ಕಸಿವಿಸಿಯಾಗಿರಬೇಕು. ಆಡಿಟ್ ಮಾಡುವುದಾದರೂ ಏನನ್ನು?

ಉಳಿದ ಜಿಲ್ಲೆಗಳಿಗೂ ಕಿಚ್ಚು ಹಬ್ಬಿದ ಮೇಲೆ ಮೇಲಿನವರ ಸ್ಪರ್ಧೆ ಶುರುವಾಯಿತು. ವಿರೋಧ ಪಕ್ಷದ ರಾಜ್ಯಾಧ್ಯಕ್ಷರು ಬಂದು ರೈತರ ಜೊತೆ ಕೂತರು. ರಾಜ್ಯ ಸರ್ಕಾರ ಕೇಂದ್ರದ ಕಡೆ ಬೆರಳು ಮಾಡಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಿಂದ ಕಿಲೊಗೆ 31 ರೂಪಾಯಿಯಲ್ಲೇ ನಿಂತಿದೆ ಎಂದಿತು. ಅದು ಸುಳ್ಳಲ್ಲ. ಕೇಂದ್ರದವರು ರಾಜ್ಯದ ಕಡೆ ಬೆರಳು ಮಾಡಿದರು. ಎರಡು ಬೆರಳಿನ ನಡುವೆ ರೈತ ಕೂತೇ ಇದ್ದ. ನವೆಂಬರ್ ಮೊದಲ ವಾರ ಮುಗಿಯುವಾಗ ಬೆಂಗಳೂರಿನಲ್ಲಿ ಸಭೆ ನಡೆದು ಲೆಕ್ಕ ಹೊರಬಿತ್ತು: 3,200ರ ಮೇಲೆ ಕಾರ್ಖಾನೆಯದು 50, ಸರ್ಕಾರದ್ದು 50, ಕೂಡಿ 3,300, ಇಳುವರಿಯ ಷರತ್ತು ಬೇರೆ. ಅಂದರೆ ರೈತನಿಗೆ ಕೊಡಬೇಕಾದ ಖಾಸಗಿ ಬೆಲೆಯಲ್ಲಿ ಸಾರ್ವಜನಿಕ ಬೊಕ್ಕಸವೂ ಸಹಕರಿಸಿತು. ಆ ಬೊಕ್ಕಸಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ಬೀಡಿ, ಬೆಂಕಿಪೆಟ್ಟಿಗೆ, ಬಸ್ ಟಿಕೆಟ್ ಕೊಂಡ ಅದೇ ರೈತನೂ ತನ್ನ ಪಾಲಿನ ಹೆಚ್ಚುವರಿ ದರಕ್ಕೆ ಒಂದಿಷ್ಟು ವಂತಿಗೆ ಹಾಕಿರುತ್ತಾನೆ.

ಗೆಲುವು ಯಾರದು ಎಂಬ ಫ್ಲೆಕ್ಸುಗಳು ತಾಡಪತ್ರಿ ಬಿಚ್ಚುವ ಮೊದಲೇ ಕಟ್ಟಿದ್ದವು. ಆ ಕಡೆ ಎಲ್ಲರ ಹೊಲದಲ್ಲೂ ಕಬ್ಬು ಒಣಗಿ ತೂಕ ಕಳೆದುಕೊಳ್ಳತೊಡಗಿತ್ತು. ರಸ್ತೆ ತೆರೆದ ಬೆಳಿಗ್ಗೆ ಅದೇ ಕ್ರಾಸಿನಲ್ಲಿ, ಎರಡೆರಡು ಟ್ರೇಲರ್ ಕಟ್ಟಿಕೊಂಡು, ಡಿಜೆ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಕಾರ್ಖಾನೆಯ ಗೇಟಿನ ಕಡೆ ಓಡಿದವು. ಹಿಂದಿನವನು ಎಡಗಡೆಯಿಂದ ನುಗ್ಗಿಸಿದ. ಮುಂದಿನವನು ದಾರಿ ಬಿಡಲಿಲ್ಲ.

"ಯಪ್ಪಾ, ಸ್ವಲ್ಪ ಸರೀಯೋ, ನಿನ್ನೆ ರಾತ್ರಿ ಒಂದ ಕಂಬಳಿಯಾಗ ಮಲಗಿದ್ವಿ!"

"ಕಂಬಳಿ ನಂದಿತ್ತು. ಈಗ ನಂಬರ್ರೂ ನಂದ ಮೊದಲ."